ಟ್ರೈಗಳ ಲೆಕ್ಕದಾಚೆಗಿನ ವಿಂಗರ್

ಚಳಿಗಾಲದ ಸೋಮವಾರಗಳಲ್ಲಿ ಸಿಡ್ನಿಯ ಪಶ್ಚಿಮ ಭಾಗದಲ್ಲಿರುವ ನನ್ನ ಫಿಸಿಯೋಥೆರಪಿ ಕೊಠಡಿಯ ಮುಂದೆ ರಗ್ಬಿ ಲೀಗ್ ಹುಡುಗರದೇ ಸಾಲು. ವಾರಾಂತ್ಯದಲ್ಲಿ ಆಡಿ, ಭುಜ ಹಿಡಿದುಕೊಂಡು, ತೊಡೆ ಹಿಡಿದುಕೊಂಡು ಬರುತ್ತಾರೆ. ಅಂಥದೊಂದು ಸೋಮವಾರ ಹದಿನೇಳರ ಹುಡುಗನೊಬ್ಬ ಮೇಜಿನ ಮೇಲೆ ಬೋರಲು ಮಲಗಿದ್ದ. ಎಡತೊಡೆಯ ಹಿಂಭಾಗದ ಸ್ನಾಯು ಸಣ್ಣದಾಗಿ ಹರಿದಿತ್ತು. ಅವನ ಕ್ಲಬ್ಬಿನಲ್ಲಿ ಅವನಷ್ಟು ವೇಗದ ವಿಂಗರ್ ಇನ್ನೊಬ್ಬನಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ತಂದೆ, ಗಾಯ ಎಷ್ಟು ವಾರಕ್ಕೆ ಮಾಯುತ್ತದೆ ಎಂದು ಕೇಳಲಿಲ್ಲ. "ಇವನು ಮುಂದೆ ಎಲ್ಲರನ್ನೂ ಮೀರಿಸುವ ವಿಂಗರ್ ಆಗಬಲ್ಲನೇ?" ಎಂದು ಕೇಳಿದರು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಒಂದು ತಂಡದಲ್ಲಿ 13 ಜನ. ಚೆಂಡು ಹಿಡಿದ ತಂಡವನ್ನು ಎದುರಾಳಿಗಳು ಆರು ಬಾರಿ ಹಿಡಿದು ನಿಲ್ಲಿಸಿದರೆ ಚೆಂಡು ಅವರ ಪಾಲಾಗುತ್ತದೆ. ಹಾಗಾಗಿ ಐದನೆಯ ಟ್ಯಾಕಲ್ ಆದ ಕೂಡಲೇ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ. ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ನಾಲ್ಕು ಅಂಕ. 2 ಮತ್ತು 5ನೇ ಸಂಖ್ಯೆಯ ಅಂಗಿ ತೊಟ್ಟು ಮೈದಾನದ ಎರಡು ಅಂಚುಗಳಲ್ಲಿ ನಿಲ್ಲುವವರೇ ವಿಂಗರ್‌ಗಳು. ಹೆಚ್ಚು ಟ್ರೈ ಗಳಿಸುವವರೂ ಅವರೇ. ಅದರಿಂದಲೇ ಟ್ರೈಗಳನ್ನು ಎಣಿಸಿ ಅವರ ಬೆಲೆ ಕಟ್ಟುವ ಅಭ್ಯಾಸ ಬೆಳೆದಿದೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಕೆನ್ ಇರ್ವಿನ್ ಅವರನ್ನೇ ನೋಡಿ. ಸಿಡ್ನಿಯ ಅಗ್ರ ಶ್ರೇಣಿಯಲ್ಲಿ 236 ಪಂದ್ಯ, 212 ಟ್ರೈ. 1973ರಲ್ಲಿ ಅವರು ಆಟ ಬಿಟ್ಟ ಮೇಲೆ ಅರ್ಧ ಶತಮಾನ ಕಳೆದರೂ ಆ ಸಂಖ್ಯೆಯನ್ನು ಯಾರೂ ಮುಟ್ಟಿರಲಿಲ್ಲ. 1963ರಲ್ಲಿ ಡಬ್ಬೋ ಊರಿನಲ್ಲಿ ನೂರು ಗಜವನ್ನು 9.3 ಸೆಕೆಂಡುಗಳಲ್ಲಿ ಓಡಿದ ಕಾಲುಗಳವು. ಆದರೆ ಬಹುಪಾಲು ಟ್ರೈಗಳನ್ನು ಗಳಿಸಿದ ನಾರ್ತ್ ಸಿಡ್ನಿ ತಂಡದಲ್ಲಿ ಅವರಿಗೆ ಒಮ್ಮೆಯೂ ಪ್ರಶಸ್ತಿ ಸಿಗಲಿಲ್ಲ. ವಯಸ್ಸು ಮೂವತ್ತು ದಾಟಿ, ಮ್ಯಾನ್ಲಿ ತಂಡಕ್ಕೆ ಹೋದ ಮೇಲೆ 1972 ಮತ್ತು 1973ರಲ್ಲಿ ಎರಡು ಪ್ರಶಸ್ತಿಗಳು ಬಂದವು. ಕಾಲುಗಳು ಅವರವೇ, ಒಳಗಿನಿಂದ ಚೆಂಡು ಕೊಡುವ ಕೈಗಳು ಬೇರೆ. ವಿಂಗರ್ ಎಂದರೆ ಸಾಲಿನ ಕೊನೆಯಲ್ಲಿ ಊಟಕ್ಕೆ ಕುಳಿತವನು. ಬಡಿಸುತ್ತಾ ಬರುವವರು ಅವನವರೆಗೆ ಏನು ಉಳಿಸಿ ತರುತ್ತಾರೆ ಎಂಬುದು ಅವನ ಕೈಯಲ್ಲಿಲ್ಲ.

ಕಣ್ಣಂದಾಜು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಬ್ರಯಾನ್ ಬೆವನ್ ಸಾಕ್ಷಿ. 1945ರಲ್ಲಿ ಆಸ್ಟ್ರೇಲಿಯಾದ ನೌಕಾಪಡೆಯವರಾಗಿ ಇಂಗ್ಲೆಂಡಿಗೆ ಬಂದಿದ್ದ ಆ ಸಣಕಲು ದೇಹದ ಯುವಕನನ್ನು ಲೀಡ್ಸ್ ತಂಡ ಬೇಡವೆಂದಿತು. ವಾರಿಂಗ್ಟನ್ ಕರೆದುಕೊಂಡಿತು. ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಆಡುತ್ತಿದ್ದ, ನೋಡಲು ಆಟಗಾರನೆನ್ನಿಸದ ಆ ಮನುಷ್ಯ ಒಟ್ಟು 796 ಟ್ರೈಗಳನ್ನು ಗಳಿಸಿದರು. ಹದಿನೇಳರ ಹುಡುಗನನ್ನು ನೋಡಿ ಭವಿಷ್ಯ ನುಡಿಯುವ ಆಸೆ ಬಂದಾಗಲೆಲ್ಲ ನಾನು ಬೆವನ್ ಅವರನ್ನು ನೆನೆಯುತ್ತೇನೆ.

ಈಗ ವಿಂಗರ್‌ನ ಕೆಲಸವೇ ಬದಲಾಗಿದೆ. ಪೆನ್ರಿತ್ ತಂಡದ ಬ್ರಯಾನ್ ಟೋಓ ಎತ್ತರದ ಆಳಲ್ಲ. ಅವರು ತಮ್ಮದೇ ಗೆರೆಯ ಬಳಿ ಚೆಂಡು ಪಡೆದು, ದೈತ್ಯರ ಸಾಲಿಗೆ ನೇರವಾಗಿ ನುಗ್ಗಿ, ಹತ್ತು ಹನ್ನೆರಡು ಮೀಟರ್ ಕಿತ್ತುಕೊಂಡು ಬೀಳುತ್ತಾರೆ. ಎದ್ದು ಮತ್ತೆ ಅದನ್ನೇ ಮಾಡುತ್ತಾರೆ. ಹಲವು ಪಂದ್ಯಗಳಲ್ಲಿ ಹೀಗೆ 200 ಮೀಟರ್ ದಾಟಿದ್ದಾರೆ. ಆಗ ದಪ್ಪ ಮೈಯ ಫಾರ್ವರ್ಡ್‌ಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. 2021ರಿಂದ 2024ರವರೆಗೆ ಪೆನ್ರಿತ್ ಸತತ ನಾಲ್ಕು ಪ್ರಶಸ್ತಿ ಗೆದ್ದಿದ್ದರಲ್ಲಿ ಈ ಕೂಲಿ ಕೆಲಸದ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ. ಮರುದಿನದ ಪತ್ರಿಕೆಯ ಮುಖ್ಯಾಂಶದಲ್ಲಿ ಅದು ಕಾಣುವುದೇ ಇಲ್ಲ.

ಈಗಿನವರಲ್ಲಿ ಎಲ್ಲರನ್ನೂ ಮೀರಿಸುವ ವಿಂಗರ್ ಯಾರಾಗಬಹುದು ಎಂಬ ಮಾತಿಗೆ ಆ ತಂದೆ ಹೆಸರಿಸಿದ್ದು ಇಬ್ಬರನ್ನು: ಝೇವಿಯರ್ ಕೋಟ್ಸ್ ಮತ್ತು ಡಾಮ್ ಯಂಗ್. ಇಬ್ಬರೂ 2001ರಲ್ಲಿ ಹುಟ್ಟಿದವರು, ಇಬ್ಬರೂ ಆರಡಿಯನ್ನು ಚೆನ್ನಾಗಿ ಮೀರಿದವರು. ಕೋಟ್ಸ್ ಹುಟ್ಟಿದ್ದು ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಲ್ಲಿ. ರಗ್ಬಿ ಲೀಗ್ ಅಲ್ಲಿ ರಾಷ್ಟ್ರೀಯ ಆಟವೆಂದೇ ಮನ್ನಣೆ ಪಡೆದಿದೆ. 2024ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ ವಿರುದ್ಧ ಮೆಲ್ಬರ್ನ್ ಸ್ಟಾರ್ಮ್ ಪರವಾಗಿ ಅವರು ಕೊನೆಯ ಗಳಿಗೆಯಲ್ಲಿ ಗಳಿಸಿದ ಟ್ರೈಯನ್ನು ನಾನು ನಿಧಾನಗತಿಯಲ್ಲಿ ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಪಂದ್ಯವನ್ನು ಸ್ಟಾರ್ಮ್ 30-26ರಲ್ಲಿ ಗೆದ್ದಿತು. ಮೂಲೆಯ ಕಡೆಗೆ ಓಡುತ್ತಾ ಗೆರೆಗೆ ಇನ್ನೂ ದೂರವಿರುವಾಗಲೇ ನೆಲ ಬಿಟ್ಟರು. ದೇಹವೆಲ್ಲ ಪಕ್ಕದ ಗೆರೆಯ ಆಚೆ ಗಾಳಿಯಲ್ಲಿ ಅಡ್ಡಡ್ಡ ಚಾಚಿತ್ತು, ಚೆಂಡು ಹಿಡಿದ ತೋಳು ಮಾತ್ರ ಮೈದಾನದ ಒಳಗೆ. ನಿಯಮ ಹೇಳುವುದಿಷ್ಟೇ: ದೇಹದ ಯಾವ ಭಾಗವೂ ಹೊರಗಿನ ನೆಲ ಮುಟ್ಟುವ ಮುಂಚೆ ಚೆಂಡು ಒಳಗಿನ ನೆಲ ಮುಟ್ಟಬೇಕು. ಗಾಳಿಯಲ್ಲಿದ್ದವನು ಹೊರಗೆ ಹೋದಂತಲ್ಲ.

ನನ್ನ ವೃತ್ತಿಯ ಕಣ್ಣು ನಿಂತದ್ದು ಆ ಜಿಗಿತದ ಹಿಂದಿನ ಎರಡು ಹೆಜ್ಜೆಗಳ ಮೇಲೆ. ಪೂರ್ಣ ವೇಗದಲ್ಲಿ ಓಡುವಾಗ ಪಾದ ನೆಲಕ್ಕಿಳಿಯುವ ತುಸು ಮುಂಚೆ ತೊಡೆಯ ಹಿಂಭಾಗದ ಸ್ನಾಯು ಗರಿಷ್ಠವಾಗಿ ಎಳೆದುಕೊಂಡಿರುತ್ತದೆ. ಅದೇ ಕ್ಷಣದಲ್ಲಿ ಮುಂದಕ್ಕೆ ಬೀಸುವ ಕಾಲಿಗೆ ಕಡಿವಾಣವನ್ನೂ ಹಾಕಬೇಕು. ಹರಿಯುವುದು ಬಹುತೇಕ ಅಲ್ಲಿಯೇ. ವಿಂಗರ್‌ಗೆ ಇನ್ನೊಂದು ಕಷ್ಟವಿದೆ. ಆಟ ಇನ್ನೊಂದು ಬದಿಯಲ್ಲಿ ನಡೆಯುವಾಗ ಚಳಿಯಲ್ಲಿ ನಿಮಿಷಗಟ್ಟಲೆ ಸುಮ್ಮನೆ ನಿಂತಿದ್ದು, ಒಮ್ಮೆಗೇ ಐವತ್ತು ಮೀಟರ್ ಹಾರಬೇಕು. ಹಾಗಾಗಿ ನನ್ನ ಹುಡುಗರಿಗೆ ಓಟಕ್ಕಿಂತ ಹೆಚ್ಚಾಗಿ ತಡೆಯುವುದನ್ನು ಕಲಿಸುತ್ತೇನೆ. ಮಂಡಿಯೂರಿ ಕೂರಿಸಿ, ಹಿಮ್ಮಡಿಗಳನ್ನು ಗಟ್ಟಿಯಾಗಿ ಒತ್ತಿಹಿಡಿದು, ದೇಹವನ್ನು ಹಲಗೆಯಂತೆ ನೆಟ್ಟಗಿಟ್ಟು ನಿಧಾನಕ್ಕೆ ಮುಂದಕ್ಕೆ ಬಾಗಿಸುವ ವ್ಯಾಯಾಮ. ಬೀಳದೆ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೋ ಅಷ್ಟು ಗಟ್ಟಿ. ಅತಿ ವೇಗದ ಹುಡುಗರೇ ಇದರಲ್ಲಿ ದೊಪ್ಪನೆ ಬೀಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಈ ಹುಡುಗನೂ ಮೊದಲ ದಿನ ಹಾಗೆಯೇ ಬಿದ್ದ.

ಯಂಗ್ ಅವರ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಹುಡುಗ, ಹಡರ್ಸ್‌ಫೀಲ್ಡ್ ತಂಡದಿಂದ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ಗೆ ಬಂದು 2023ರಲ್ಲಿ 25 ಟ್ರೈ ಗಳಿಸಿದರು. ಇನ್ನು ಇವರೇ ಮುಂದಿನ ದೊಡ್ಡ ವಿಂಗರ್ ಎಂದು ಎಲ್ಲರೂ ಬರೆದರು. ಮರುವರ್ಷ ಸಿಡ್ನಿ ರೂಸ್ಟರ್ಸ್ ಸೇರಿದರು. 2025ರ ಅರ್ಧಕ್ಕೆ ಮತ್ತೆ ನ್ಯೂಕ್ಯಾಸಲ್‌ಗೇ ಮರಳಿದರು. ಇಪ್ಪತ್ತೈದು ಟ್ರೈಗಳ ವರ್ಷದಲ್ಲಿ ಅವರ ಒಳಬದಿಯಲ್ಲಿದ್ದವರು ಅನುಭವಿ ಸೆಂಟರ್ ಡೇನ್ ಗಗಾಯ್. ಹಿಂದಿನಿಂದ ಬಂದು ಸಾಲಿಗೆ ಸೇರುತ್ತಿದ್ದವರು ಆ ವರ್ಷದ ಶ್ರೇಷ್ಠ ಆಟಗಾರನೆಂದು ಡ್ಯಾಲಿ ಎಂ ಪದಕ ಪಡೆದ ಕೇಲಿನ್ ಪೊಂಗಾ. ಯಂಗ್ ಅವರ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಅಷ್ಟು ಎತ್ತರದ ಮನುಷ್ಯ ಅಷ್ಟು ವೇಗವಾಗಿ ಓಡುವುದೇ ಅಪರೂಪ. ಆದರೆ ಬಡಿಸುವ ಕೈ ಬದಲಾದಾಗ ವಿಂಗರ್‌ನಲ್ಲಿ ಏನು ಉಳಿಯುತ್ತದೆ? ಉಳಿಯುವುದು ಎರಡು: ತನ್ನ ಗೆರೆಯ ಬಳಿಯ ಕೂಲಿ ಕೆಲಸ, ಮತ್ತು ಎದುರಾಳಿಯನ್ನು ತಡೆಯುವಾಗಿನ ತೀರ್ಮಾನ.

ಎರಡನೆಯದನ್ನೇ ನಾನು ನಿರ್ಣಾಯಕವೆಂದು ತಿಳಿಯುತ್ತೇನೆ. ಎದುರಾಳಿಗಳು ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಅಂಚಿನ ಕಡೆ ಬರುತ್ತಾರೆ. ನಿಮ್ಮ ಕಡೆ ಇಬ್ಬರು, ಅವರ ಕಡೆ ಮೂವರು. ನೀವು ಒಳಗೆ ನುಗ್ಗಿ ಪಾಸ್ ಬರುವ ಮುಂಚೆಯೇ ಒಬ್ಬನನ್ನು ಕೆಡವಬೇಕೇ, ಅಥವಾ ಹೊರಗೇ ನಿಂತು ಒಳಗಿನವರು ಬರುವ ತನಕ ಹೊತ್ತು ಕಳೆಯಬೇಕೇ? ಯೋಚಿಸಲು ಅರೆ ಸೆಕೆಂಡೂ ಇಲ್ಲ. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೂಲೆಯಲ್ಲಿ ನಿಂತವನು ರೈಡರ್‌ನ ಕಾಲಿಗೆ ಕಣ್ಣೆವೆಯಷ್ಟು ಮುಂಚೆ ಕೈಹಾಕಿದರೆ ತಾನೂ ಔಟ್, ತಂಡಕ್ಕೂ ಪೆಟ್ಟು. ಎತ್ತರದ ವಿಂಗರ್‌ಗೆ ಇದು ಇನ್ನೂ ಕಷ್ಟ. ಉದ್ದ ಕಾಲುಗಳನ್ನು ತಿರುಗಿಸಲು ಒಂದು ಹೆಜ್ಜೆ ಹೆಚ್ಚು ಬೇಕು. ಬಗ್ಗಿ ಹಿಡಿಯದಿದ್ದರೆ ತೋಳು ಎದುರಾಳಿಯ ಕುತ್ತಿಗೆಗೆ ಹೋಗುತ್ತದೆ, ತಂಡ ದಂಡ ತೆರುತ್ತದೆ.

ಆರನೆಯ ವಾರ, ಓಡಲು ಒಪ್ಪಿಗೆ ಕೊಟ್ಟ ಮೇಲೆ, ಹುಡುಗನನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ರಾತ್ರಿಯ ಮಳೆಗೆ ಹುಲ್ಲು ನೆನೆದಿತ್ತು. ಚೆಂಡನ್ನು ನೋಡಬೇಡ, ಸೆಂಟರ್‌ನ ಸೊಂಟ ನೋಡು ಎಂದೆ. ಭುಜ ಸುಳ್ಳು ಹೇಳುತ್ತದೆ, ಕಣ್ಣು ಸುಳ್ಳು ಹೇಳುತ್ತದೆ. ಪಾಸ್ ಕೊಡುವವನ ಸೊಂಟ ಹೊರಕ್ಕೆ ತಿರುಗದೆ ಉದ್ದದ ಪಾಸ್ ಬರುವುದು ಬಹಳ ಕಷ್ಟ. ಮೊದಲ ಹತ್ತರಲ್ಲಿ ಏಳು ಬಾರಿ ಅವನು ಬೇಗ ಒಳಗೆ ನುಗ್ಗಿದ, ಚೆಂಡು ಅವನ ತಲೆಯ ಮೇಲಿಂದ ಹಾರಿಹೋಯಿತು. ವೇಗದ ಹುಡುಗರ ತೊಂದರೆಯೇ ಅದು: ಕಾಲು ತಪ್ಪನ್ನು ತಿದ್ದುತ್ತದೆ ಎಂಬ ಭರವಸೆ. ಹದಿನೇಳರಲ್ಲಿ ತಿದ್ದುತ್ತದೆ ಕೂಡ. ಅಗ್ರ ಶ್ರೇಣಿಯಲ್ಲಿ ಎದುರಿನವನೂ ಅಷ್ಟೇ ವೇಗದವನು.

ತಂದೆಗೆ ನಾನು ಕೊಟ್ಟ ಉತ್ತರ ಅವರು ಬಯಸಿದ್ದಾಗಿರಲಿಲ್ಲ. ಇವತ್ತಿನ ಮಟ್ಟಿಗೆ ಆ ಪಟ್ಟಕ್ಕೆ ಕೋಟ್ಸ್ ಹೆಚ್ಚು ಹತ್ತಿರದಲ್ಲಿದ್ದಾರೆ ಎಂದೆ, ಏಕೆಂದರೆ ಎತ್ತರಕ್ಕೆ ಒದ್ದ ಚೆಂಡಿನ ಕೆಳಗೆ ಎರಡೂ ತುದಿಯ ಗೆರೆಗಳಲ್ಲಿ ಅವರು ಬೇಕಾದವರು. ಯಂಗ್ ಅವರನ್ನು ಕೈಬಿಟ್ಟಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಹಳೆಯ ಮನೆಗೆ ಮರಳಿ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳುವವನಿಗೆ ಇನ್ನೂ ಆರೇಳು ಒಳ್ಳೆಯ ವರ್ಷಗಳಿರುತ್ತವೆ. ನಿಮ್ಮ ಮಗನ ವಿಷಯ ಹೇಳಲು ಇನ್ನೂ ಕಾಲವಿದೆ, ಮುಂದಿನ ಶನಿವಾರ ಅವನು ಟ್ರೈ ಗಳಿಸಿದನೇ ಎಂದು ನೋಡಬೇಡಿ ಎಂದೆ. ಚೆಂಡು ಮೈದಾನದ ಆ ತುದಿಯಲ್ಲಿರುವಾಗ ಇವನ ಪಾದಗಳು ಏನು ಮಾಡುತ್ತಿವೆ ನೋಡಿ.

ಅವರು ಶನಿವಾರ ಸಂಜೆ ಮೊಬೈಲಿಗೆ ಸಂದೇಶ ಕಳಿಸಿದರು. ತಂಡ ಸೋತಿತ್ತು, ಹುಡುಗನಿಗೆ ಒಂದೂ ಟ್ರೈ ಇಲ್ಲ. ಕೊನೆಯ ಸಾಲಿನಲ್ಲಿ ಹೀಗೆ ಬರೆದಿದ್ದರು: "ಮೂರು ಸಲ ನುಗ್ಗದೆ ಕಾದ."