ಊರಾಗ ಝಟ್ಕಾ, ಹೈವೇದಾಗ ಬೆಣ್ಣಿ: ಥ್ರಾಟಲ್ ಸೆನ್ಸರ್ ಕಥಿ

ಕಲಬುರಗಿ ಸೇಡಂ ರೋಡ್ ಕಡಿಯವರೊಬ್ರು ಕೇಳ್ಯಾರ: "ಅಣ್ಣಾ, ನಂದು ಆಕ್ಸಿಲೇಟರ್ ಕೇಬಲ್ ಇದ್ದ ಹಳೇ ಪೆಟ್ರೋಲ್ ಕಾರ್. ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಾಗ ಸಾವಕಾಶ ಕಾಲಿಟ್ರ ಝಟ್ಕಾ ಹೊಡಿತದ, ಹುಮನಾಬಾದ್ ರೋಡಿಗಿ ಬಿದ್ದ ಮ್ಯಾಲ ಬೆಣ್ಣಿ ಹಂಗ ಓಡ್ತದ. ಮಿಸ್ತ್ರಿ ಟಿಪಿಎಸ್ (ಥ್ರಾಟಲ್ ಪೊಸಿಷನ್ ಸೆನ್ಸರ್) ಹೋಗ್ಯದ ಅಂತಾನ. ಹೋಗಿದ್ರ ಹೈವೇದಾಗ ಹೆಂಗ ಓಡ್ತದ?"

ನಿಮ್ಮ ಮಿಸ್ತ್ರಿ ಹೇಳಿದ್ದು ಖರೆ ಇರಬಹುದ್ರಿ, ಯಾಕಂದ್ರ ಈ ಸೆನ್ಸರ್ ಪೂರಾ ಹೋಗೋದು ಕಡಿಮಿ, ಒಂದೇ ಜಾಗಾದಾಗ ಸವೀತದ.

ಏರ್ ಫಿಲ್ಟರ್ ದಾಟಿದ ಗಾಳಿ ಇಂಜಿನ್ನಿಗಿ ಹೋಗೋ ದಾರಿದಾಗ ಒಂದು ದುಂಡನ ಬಿಲ್ಲಿ ಇರ್ತದ, ಅದೇ ಥ್ರಾಟಲ್, ನೀವು ಕಾಲಿಟ್ರ ಅದು ತೆರಿತದ, ಬಿಟ್ರ ಸ್ಪ್ರಿಂಗ್ ಎಳದು ಮುಚ್ತದ. ಅದರ ಶಾಫ್ಟಿನ ತುದಿಗಿ ಟಿಪಿಎಸ್ ಕೂತಿರ್ತದ. ಒಳಗ ಏನೂ ಜಾದೂ ಇಲ್ಲ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿ ಅಂತ ತಿಳ್ಕೋರಿ: ಕಾರ್ಬನ್ ಪಟ್ಟಿ, ಅದರ ಮ್ಯಾಲ ಉಜ್ಜಕೋತ ತಿರಗೋ ಸಣ್ಣ ಕಡ್ಡಿ. ವೈರ್ ಮೂರು, ಒಂದರಾಗ 5 ವೋಲ್ಟ್ ಬರ್ತದ, ಒಂದು ಅರ್ತ್, ಒಂದು ಸಿಗ್ನಲ್. ಬಿಲ್ಲಿ ಮುಚ್ಚಿದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರಾ ತೆರೆದಾಗ ಸುಮಾರು 4.5. ಇಸಿಎಂ, ಅಂದ್ರ ಇಂಜಿನ್ ನಡಸೋ ಕಂಪ್ಯೂಟರ್, ಅದನ್ನ ನೋಡಿ ಬಿಲ್ಲಿ ಎಷ್ಟು ತೆರದದ, ಎಷ್ಟು ಜೋರಾಗಿ ತೆರೀಲಿಕತ್ತದ ಎರಡೂ ತಿಳ್ಕೋತದ. ದಬಕ್ನ ಕಾಲಿಟ್ರ ತಕ್ಷಣ ಜಾಸ್ತಿ ಪೆಟ್ರೋಲ್, ಓಡೋವಾಗ ಕಾಲ್ ಪೂರಾ ತೆಗದ್ರ ಪೆಟ್ರೋಲ್ ಬಂದ್.

ಈಗ ನಿಮ್ಮ ಝಟ್ಕಾಕ್ಕ ಬರೋಣು. ಊರಾಗ ನಿಮ್ಮ ಕಾಲು ಇಡೀ ದಿನ ಸೊಲ್ಪ ಒತ್ತು, ಬಿಡು, ಮತ್ತ ಒತ್ತು. ಕಡ್ಡಿ ಪಟ್ಟಿಯ ಶುರುವಿನ ಅಷ್ಟೇ ಜಾಗಾದಾಗ ಸಾವಿರಾರು ಸಲ ಉಜ್ಜತದ, ಕಾರ್ಬನ್ ಅಲ್ಲೇ ಸವೀತದ. ರೇಡಿಯೋದಾಗೂ ದಿನಾ ಇಡೋ ಸೌಂಡಿನ ಕಡೀನೇ ಕರಕರ ಅಂತಿತ್ತಲ್ಲ, ಹಂಗ. ಅಲ್ಲಿ ಒಂದು ಗಳಿಗಿ ಸಿಗ್ನಲ್ ಬಿದ್ರ ಇಸಿಎಂ, ಇವ ಕಾಲ್ ತೆಗದಾನ ಅಂತ ಪೆಟ್ರೋಲ್ ಕಡಿಮಿ ಮಾಡ್ತದ. ಹೈವೇದಾಗ ಬಿಲ್ಲಿ ಇನ್ನೂ ಜಾಸ್ತಿ ತೆರದಿರ್ತದ, ಕಡ್ಡಿ ಸವೀಲಾರದ ಜಾಗಾದಾಗ ಕೂತಿರ್ತದ.

ಹಂಗಂತ ಈಗೇ ಹೊಸಾದು ತರಬ್ಯಾಡ್ರಿ. ನಾನೂ ಒಮ್ಮಿ ಒಂದು ಗ್ಯಾರೇಜದಾಗ ರೊಕ್ಕ ಕೊಟ್ಟು ಹಾಕ್ಸಿದೆ, ಝಟ್ಕಾ ಹಂಗೇ ಇತ್ತು, ಆಮ್ಯಾಲ ಕನೆಕ್ಟರ್ ಬಿಚ್ಚಿ ನೋಡಿದ್ರ ಒಂದು ಪಿನ್ನಿಗಿ ಹಸರು ಕಿಲುಬು! ಮದ್ಲ ಅದನ್ನ ನೋಡ್ರಿ, ಥ್ರಾಟಲ್ ಬಾಡಿದಾಗ (ಬಿಲ್ಲಿ ಇರೋ ಕೊಳವಿದಾಗ) ಕರ್ರನ ಕಾರ್ಬನ್ ಮಸಿ ಕೂತಿದ್ರ ಕ್ಲೀನ್ ಮಾಡ್ಸ್ರಿ. ಆಮ್ಯಾಲ ಚಾವಿ ಆನ್ ಮಾಡ್ರಿ, ಇಂಜಿನ್ ಬಂದ್ ಇರ್ಲಿ, ಸಿಗ್ನಲ್ ವೈರಿಗಿ ಮೀಟರ್ ಹಚ್ಚಿ ಒಬ್ಬರಿಗಿ ಆಕ್ಸಿಲೇಟರ್ ಭಾಳ ಸಾವಕಾಶ ಒತ್ತಲಿಕ್ಕ ಹೇಳ್ರಿ. ಮುಳ್ಳಿನ ಮೀಟರ್ ಸಿಕ್ರ ಛಲೋ, ಡಿಜಿಟಲ್ ಒಮ್ಮೊಮ್ಮಿ ಆ ಗಳಿಗಿ ಹಿಡಿಯಂಗಿಲ್ಲ. ಮುಳ್ಳು ಒಂದೇ ಸಮ ಏರಬೇಕು, ನಡುವ ದಪ್ಪನ ಬಿತ್ತಂದ್ರ ಸೆನ್ಸರ್ ಬದ್ಲಿ ಮಾಡ್ರಿ.

ಕೇಬಲ್ ಇಲ್ಲದ ಹೊಸ ಗಾಡಿಗಳ ಹಿಸಾಬು ಬ್ಯಾರೆ, ಅಲ್ಲಿ ಒಳಗ ಎರಡು ಸಿಗ್ನಲ್ ಇರ್ತಾವ, ಒಂದಕ್ಕೊಂದು ತಾಳೆ ಆಗಲಿಲ್ಲ ಅಂದ್ರ ಇಸಿಎಂ ಪಿಕಪ್ಪೇ ಕಟ್ ಮಾಡ್ತದ. ಅವುಗಳ ಬಿಲ್ಲಿಯನ್ನ ಮೋಟಾರ್ ತಿರಗಸ್ತದ, ಚಾವಿ ಆನ್ ಇದ್ದಾಗ ಅದರಾಗ ಬಟ್ಟು ಹಾಕಬ್ಯಾಡ್ರಿ.