ಬೆದೆಗೂ ಫಿಟ್ಸಿಗೂ ಏನು ಸಂಬಂಧ?

ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಅಪರೂಪ. ಚೆನ್ನಾಗೇ ಇದ್ದ ಹೆಣ್ಣುನಾಯಿ ದಿಢೀರನೆ ಮಗ್ಗುಲಾಗಿ ಬಿದ್ದು, ಕಾಲು ಸೆಟೆದುಕೊಂಡು ನೊರೆ ಸುರಿಸಿದರೆ ಎಲ್ಲರೂ ಕೇಳುವುದು ಒಂದೇ: ‘ಹಾವು ಕಚ್ತಾ, ವಿಷ ತಿಂತಾ?’ ಕೇಳಬೇಕಾದ್ದೇ. ಬೆದೆಗೆ ಬಂದು ಎಷ್ಟು ದಿನ ಆಯ್ತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅಂಡಾಶಯದ ಹಾರ್ಮೋನುಗಳು ರಕ್ತದ ಜೊತೆ ಮಿದುಳಿಗೂ ಹೋಗುತ್ತವೆ. ಅವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಅಲ್ಲಿವೆ. ಈ ಹಾರ್ಮೋನುಗಳಲ್ಲಿ ಈಸ್ಟ್ರೋಜನ್ ಸಾಮಾನ್ಯವಾಗಿ ನರಕೋಶಗಳನ್ನು ಕೆರಳಿಸುತ್ತದೆ, ಪ್ರೊಜೆಸ್ಟರಾನ್ ತಣಿಸುತ್ತದೆ. ನರಕೋಶಗಳು ಮಿತಿಮೀರಿ ಕೆರಳಿದಾಗ ಬರುವುದೇ ಫಿಟ್ಸ್. 1941ರಲ್ಲೇ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ಪ್ರೊಜೆಸ್ಟರಾನ್ ಜಾಸ್ತಿ ಕೊಟ್ಟಾಗ ಅವು ಅರಿವಳಿಕೆ ಕೊಟ್ಟಂತೆ ಮಲಗಿಬಿಟ್ಟವು.

ಮಜಾ ಇರುವುದು ಮುಂದೆ. ಪ್ರೊಜೆಸ್ಟರಾನ್ ಗ್ರಾಹಕವೇ ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿದರು. ಆಗಲೂ ಆ ಹಾರ್ಮೋನು ಫಿಟ್ಸ್ ತಡೆಯಿತು! ಹೇಗೆ ಅಂದರೆ, ಪ್ರೊಜೆಸ್ಟರಾನ್ ದೇಹದಲ್ಲಿ ಅಲೊಪ್ರೆಗ್ನನೊಲೋನ್ ಆಗಿ ಬದಲಾಗಿ ಗಾಬಾ ಎಂಬ ಬೇರೆಯದೇ ಗ್ರಾಹಕದ ಮೇಲೆ ಕೂರುತ್ತದೆ. ಗಾಬಾ ಗ್ರಾಹಕ ಕೆರೆಯ ತೂಬಿನ ಹಾಗೆ. ತೆರೆದರೆ ಕ್ಲೋರೈಡ್ ಒಳಗೆ ಹರಿದು ನರಕೋಶ ಶಾಂತವಾಗುತ್ತದೆ. ಅಲೊಪ್ರೆಗ್ನನೊಲೋನ್ ಇದ್ದರೆ ತೂಬು ಜಾಸ್ತಿ ಹೊತ್ತು ತೆರೆದಿರುತ್ತದೆ. ಪ್ರೊಜೆಸ್ಟರಾನ್ ಇಳಿದಾಗ ಈ ಆಸರೆಯೂ ತಪ್ಪುತ್ತದೆ. ಕೆಲವು ಹೆಂಗಸರಿಗೆ ಮುಟ್ಟಿನ ಆಸುಪಾಸಿನಲ್ಲೇ ಮೂರ್ಛೆ ಜಾಸ್ತಿಯಾಗಲು ಇದೂ ಒಂದು ಕಾರಣ.

ಕೆಲವು ಹೆಣ್ಣುನಾಯಿಗಳಿಗೂ ಬೆದೆಯ ಹೊತ್ತಿಗೋ, ಅದಾಗಿ ಒಂದೆರಡು ತಿಂಗಳಿಗೋ ಫಿಟ್ಸ್ ಬರುತ್ತದೆ. ತಾರೀಖು ಬರೆದಿಟ್ಟು ಪಶುವೈದ್ಯರಿಗೆ ತೋರಿಸಿ. ಲೆಕ್ಕ ತಾಳೆಯಾದರೆ ಅಂಡಾಶಯ ತೆಗೆಸುವ ಮಾತು ಬರಬಹುದು. ಮರಿಗೆ ಹಾಲುಣಿಸುವ ತಾಯಿ ನಡುಗಿ ಸೆಟೆದುಕೊಂಡರೆ ಅದು ಬಹುಪಾಲು ಕ್ಯಾಲ್ಸಿಯಂ ಕೊರತೆ. ಆಗ ತಾರೀಖು ನೋಡುತ್ತಾ ಕೂರಬೇಡಿ, ಕೂಡಲೇ ಓಡಿ. ಕೈಗೆ ಕಬ್ಬಿಣ ಕೊಡುವ ಪದ್ಧತಿಯಿಂದ ನಾಯಿಗೂ ಉಪಯೋಗವಿಲ್ಲ, ಮನುಷ್ಯರಿಗೂ ಇಲ್ಲ.

ಇದೇ ಈಸ್ಟ್ರೋಜನ್ ಓಡಾಟವನ್ನೂ ಹೆಚ್ಚಿಸುತ್ತದೆ. ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ರಾತ್ರಿ ಬೋನಿನ ಚಕ್ರದಲ್ಲಿ ಎಂದಿಗಿಂತ ಎಷ್ಟೋ ಜಾಸ್ತಿ ಓಡುತ್ತದೆ. ಅಂಡಾಶಯ ತೆಗೆದರೆ ಓಟ ಇಳಿಯುತ್ತದೆ, ಈಸ್ಟ್ರೋಜನ್ ಕೊಟ್ಟರೆ ಮತ್ತೆ ಏರುತ್ತದೆ. ಮಿದುಳಿನ ಬುಡದ ಹೈಪೊಥಲಾಮಸ್‌ನಲ್ಲಿರುವ ಈಸ್ಟ್ರೋಜನ್ ಗ್ರಾಹಕಗಳ ಕೆಲಸ ಇದು. ಕೊಟ್ಟಿಗೆಯಲ್ಲಿ ಹಸು ನಿಂತಲ್ಲಿ ನಿಲ್ಲದೆ ಕೂಗಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? ದೊಡ್ಡ ಡೈರಿ ಫಾರಂಗಳಲ್ಲಿ ಹಸುವಿನ ಕಾಲಿಗೆ ಹೆಜ್ಜೆ ಎಣಿಸುವ ಯಂತ್ರ ಕಟ್ಟುತ್ತಾರೆ. ಹೆಜ್ಜೆ ಏಕಾಏಕಿ ಏರಿದರೆ ಗರ್ಭಧಾರಣೆ ಮಾಡಿಸಲು ಹೇಳಿಕಳಿಸುತ್ತಾರೆ.