ಉರಿಯೂತ ಏರಿದಾಗ ಇಳಿಯುವ ಪ್ರೋಟೀನುಗಳು

ಉರಿಯೂತ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯ ವರದಿಯನ್ನು ನೋಡುವವರು ಸಾಮಾನ್ಯವಾಗಿ ಯಾವ ಅಂಕಿ ಏರಿದೆ ಎಂದು ಹುಡುಕುತ್ತಾರೆ. ಬ್ಯಾಕ್ಟೀರಿಯಾದ ತೀವ್ರ ಸೋಂಕಿನಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಒಂದೆರಡು ದಿನಗಳಲ್ಲೇ ನೂರಾರು ಪಟ್ಟು ಹೆಚ್ಚಬಲ್ಲದು. ಆದರೆ ಪ್ರತಿರಕ್ಷಾ ಸಂಕೀರ್ಣಗಳಿಂದ ಉಂಟಾಗುವ ಕಾಯಿಲೆಗಳಲ್ಲಿ ವೈದ್ಯರ ಕಣ್ಣು ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನು ಸಮೂಹಕ್ಕೆ ಸೇರಿದ ಸಿ3, ಸಿ4 ಎಂಬ ಎರಡು ಪ್ರೋಟೀನುಗಳ ಮೇಲಿರುತ್ತದೆ, ಮತ್ತು ಅವರು ಹುಡುಕುವುದು ಇಳಿಕೆಯನ್ನು.

ದೇಹಕ್ಕೆ ಹೊರಗಿನದೆನಿಸಿದ ವಸ್ತುವಿಗೆ ಪ್ರತಿಕಾಯಗಳು ಅಂಟಿಕೊಂಡಾಗ ಆಗುವ ಗಂಟೇ ಪ್ರತಿರಕ್ಷಾ ಸಂಕೀರ್ಣ. ಇದು ಹುಟ್ಟುವುದು ರೋಗವಲ್ಲ. ಪ್ರತಿ ಸೋಂಕಿನಲ್ಲೂ ಹುಟ್ಟುತ್ತದೆ, ಬೇಗನೆ ವಿಲೇವಾರಿಯೂ ಆಗುತ್ತದೆ. ವಿಲೇವಾರಿ ತಪ್ಪಿದರೆ ಏನಾಗುತ್ತದೆಂಬುದನ್ನು ಮೊದಲು ತೋರಿಸಿದ್ದು ಒಂದು ಚಿಕಿತ್ಸೆಯೇ. ಡಿಫ್ತೀರಿಯಾ ರೋಗಿಗಳಿಗೆ ಕುದುರೆಯ ರಕ್ತಸಾರವನ್ನು ಚುಚ್ಚುತ್ತಿದ್ದ ಕಾಲದಲ್ಲಿ, ಸುಮಾರು 8ರಿಂದ 12 ದಿನಗಳ ನಂತರ ಕೆಲವು ಮಕ್ಕಳಿಗೆ ಜ್ವರ, ಗಂಧೆ, ಕೀಲುನೋವು ಕಾಣಿಸಿಕೊಳ್ಳುತ್ತಿತ್ತು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ 1905ರಲ್ಲಿ ಇದನ್ನು ವಿವರವಾಗಿ ದಾಖಲಿಸಿ, ಕುದುರೆಯ ಪ್ರೋಟೀನಿಗೂ ಅದರ ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯಕ್ಕೂ ಆಗುವ ಸಂಧಿಯಿಂದಲೇ ಕಾಯಿಲೆ ಬರುತ್ತದೆಂದು ವಾದಿಸಿದರು. ರಕ್ಷಣೆಗೆಂದು ಹುಟ್ಟಿದ್ದೇ ರೋಗ ತರಬಲ್ಲದೆಂಬುದು ಆಗ ಒಪ್ಪಲು ಸುಲಭವಾದ ಮಾತಾಗಿರಲಿಲ್ಲ. ಅರ್ಧ ಶತಮಾನದ ಬಳಿಕ ಫ್ರಾಂಕ್ ಡಿಕ್ಸನ್ ಮತ್ತು ಸಂಗಡಿಗರು ಮೊಲಗಳಿಗೆ ಹಸುವಿನ ಆಲ್ಬುಮಿನ್ ಚುಚ್ಚಿ ನೋಡಿದಾಗ, ರಕ್ತದಲ್ಲಿ ಸಂಕೀರ್ಣಗಳು ಕಾಣಿಸಿಕೊಂಡ ದಿನಗಳಲ್ಲೇ ಕಾಂಪ್ಲಿಮೆಂಟ್ ಮಟ್ಟ ಕುಸಿದು, ಮೂತ್ರಪಿಂಡ ಮತ್ತು ರಕ್ತನಾಳಗಳಲ್ಲಿ ಉರಿಯೂತ ಹತ್ತಿಕೊಂಡಿತು.

ಕಾಂಪ್ಲಿಮೆಂಟ್ ಎಂಬುದು ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಸಮೂಹ. ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ, ನಿಷ್ಕ್ರಿಯವಾಗಿ ರಕ್ತದಲ್ಲಿ ಸುತ್ತುತ್ತಿರುತ್ತವೆ. ಒತ್ತೊತ್ತಾಗಿ ಕುಳಿತ ಪ್ರತಿಕಾಯಗಳ ಮೇಲೆ ಈ ಸಮೂಹದ ಸಿ1ಕ್ಯೂ ಎಂಬ ಪ್ರೋಟೀನು ಎರಗಿದೊಡನೆ ಸಿ4 ಮತ್ತು ಸಿ2, ಅನಂತರ ಸಿ3, ಬಳಿಕ ಸಿ5 ಸರದಿಯಂತೆ ತುಂಡಾಗುತ್ತವೆ. ಸಿ3ಯ ದೊಡ್ಡ ತುಂಡು ಸಂಕೀರ್ಣಕ್ಕೆ ಅಂಟಿ ಗುರುತಿನ ಚೀಟಿಯಾಗುತ್ತದೆ. ಆ ಚೀಟಿಯನ್ನು ಹಿಡಿದು ಕೆಂಪು ರಕ್ತಕಣಗಳು ಸಂಕೀರ್ಣವನ್ನು ಯಕೃತ್ತು ಮತ್ತು ಗುಲ್ಮಕ್ಕೆ ಸಾಗಿಸಿ, ಅಲ್ಲಿನ ಭಕ್ಷಕ ಕೋಶಗಳಿಗೆ ಒಪ್ಪಿಸುತ್ತವೆ. ಆಮ್ಲಜನಕ ಹೊರುವ ಕಣಗಳಿಗೆ ಇಂಥ ಕಸ ಸಾಗಿಸುವ ಕೆಲಸವೂ ಇದೆಯೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಸಿ5ರ ಚಿಕ್ಕ ತುಂಡಾದ ಸಿ5ಎ ಮಾತ್ರ ಬೇರೆ ಸ್ವಭಾವದ್ದು: ಅದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ, ಅವು ಸುರಿಸುವ ಕಿಣ್ವಗಳು ಸುತ್ತಲಿನ ಅಂಗಾಂಶವನ್ನು ಸುಡುತ್ತವೆ. ಒತ್ತಡದಲ್ಲಿ ರಕ್ತವನ್ನು ಸೋಸುವ ಮೂತ್ರಪಿಂಡದ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳಲ್ಲಿ ಸಂಕೀರ್ಣಗಳು ಸಿಕ್ಕಿಬೀಳುವುದು ಹೆಚ್ಚಾದ್ದರಿಂದ ಪೆಟ್ಟು ಹೆಚ್ಚಾಗಿ ಅಲ್ಲಿಗೇ ತಗಲುತ್ತದೆ.

ಹಾಗಾದರೆ ಕಾಂಪ್ಲಿಮೆಂಟ್ ಇಲ್ಲದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ನಿಸರ್ಗ ಕೊಟ್ಟ ಉತ್ತರ ಅದಕ್ಕೆ ತೀರ ವಿರುದ್ಧವಾಗಿದೆ: ಹುಟ್ಟಿನಿಂದಲೇ ಸಿ1ಕ್ಯೂ ಇಲ್ಲದವರಲ್ಲಿ ಬಹುತೇಕ ಎಲ್ಲರಿಗೂ ಲ್ಯೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ಎರಗುವ ಕಾಯಿಲೆ) ಅಥವಾ ಅದನ್ನು ಹೋಲುವ ಕಾಯಿಲೆ ಬರುತ್ತದೆ. ಸತ್ತ ಕೋಶಗಳ ಮತ್ತು ಸಂಕೀರ್ಣಗಳ ವಿಲೇವಾರಿ ಕುಂಠಿತವಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ.

ಲ್ಯೂಪಸ್ ಉಲ್ಬಣಿಸಿದಾಗ ಸಿ3, ಸಿ4 ಎರಡೂ ಖರ್ಚಾಗಿ ಇಳಿಯುವುದುಂಟು. ಸಿಆರ್‌ಪಿ ಮಾತ್ರ ಅನೇಕ ವೇಳೆ ಹೆಚ್ಚೇನೂ ಏರುವುದಿಲ್ಲ, ಆದ್ದರಿಂದ ಅದು ಬಹಳ ಏರಿದರೆ ವೈದ್ಯರು ಸೋಂಕನ್ನೂ ಶಂಕಿಸುತ್ತಾರೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ನಂತರ ಬರುವ ಮೂತ್ರಪಿಂಡದ ಉರಿಯೂತದಲ್ಲಿ ಸಿ3 ಕುಸಿದರೂ ಸಿ4 ಸಾಮಾನ್ಯವಾಗಿ ಹೆಚ್ಚು ಕದಲುವುದಿಲ್ಲ, ಮತ್ತು 6ರಿಂದ 8 ವಾರಗಳಲ್ಲಿ ಸಿ3 ಮೊದಲಿನಂತಾಗುತ್ತದೆ. ಆಗದಿದ್ದರೆ ಬೇರೆ ಕಾಯಿಲೆಯನ್ನು ಹುಡುಕಬೇಕಾಗುತ್ತದೆ. ಈ ಅಂಕಿಗಳಿಗೂ ಮಿತಿಯಿದೆ. ಉರಿಯೂತದ ಹೊತ್ತಿನಲ್ಲಿ ಯಕೃತ್ತು ಸಿ3ಯನ್ನು ಹೆಚ್ಚಾಗಿ ತಯಾರಿಸುವುದರಿಂದ, ಖರ್ಚು ಜೋರಾಗಿದ್ದರೂ ರಕ್ತದ ಮಟ್ಟ ಸರಿಯಿರುವಂತೆ ತೋರಬಹುದು. ಸಿ4 ಜೀನಿನ ಪ್ರತಿಗಳ ಸಂಖ್ಯೆ ಎಲ್ಲರಲ್ಲೂ ಒಂದೇ ಅಲ್ಲವಾದ್ದರಿಂದ ಕೆಲವರಿಗೆ ಆ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ. ಅಂಥವರ ಇಂದಿನ ವರದಿಯನ್ನು ಹೋಲಿಸಬೇಕಾದದ್ದು ಮುದ್ರಿತ ಮಿತಿಗಳಿಗಿಂತ ಅವರದೇ ಹಳೆಯ ವರದಿಗಳೊಂದಿಗೆ.